ಕಾಪುವಿನ ಕಲ್ಲಿಗೊಂದು ಸಾಲು

ಕಳೆದ ವಾರ ಕಾರ್ಕಳದಲ್ಲಿ ಕಲ್ಲು ಕೆತ್ತುವವರ ಶೆಡ್ಡೊಂದರ ಎದುರು ನಮ್ಮ ಬಸ್ಸು ಸ್ವಲ್ಪ ಹೊತ್ತು ನಿಂತಿತ್ತು. ಮುಂದೆ ರಸ್ತೆ ಅಗೆದಿದ್ದರು. ಒಳಗೆ ಯಾರೋ ಯಂತ್ರದ ಚಕ್ರಕ್ಕೆ ನೀರು ಬಿಡುತ್ತಾ ಕಪ್ಪು ಕಲ್ಲು ಕೊಯ್ಯುತ್ತಿದ್ದರು. ಒದ್ದೆ ಕಲ್ಲುಪುಡಿಯ ವಾಸನೆ ಕಿಟಕಿಯಿಂದ ಬಂತು. ಮಕ್ಕಳು ಉಗುಳು ಹಚ್ಚಿ ಒರೆಸಿದ ಸ್ಲೇಟಿನ ವಾಸನೆಗೆ ಹತ್ತಿರದ್ದು ಅದು. ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಐರಿನ್ ಬಾಯಿಯ ನೆನಪಾಯಿತು; ನಮ್ಮ ಕಡೆ ಹಿರಿಯ ಕ್ರೈಸ್ತ ಹೆಂಗಸರನ್ನು ಗೌರವದಿಂದ 'ಬಾಯಿ' ಎಂದು ಕರೆಯುವುದು. ಅವರ ಹಿಂದೆಯೇ ಆ ಇಡೀ ಮಳೆಗಾಲ ಎದ್ದು ಬಂತು.

ಕೊರೊನಾ ಬಂದು ಹೋಗಿ ಕೆಲವು ವರ್ಷ ಆಗಿತ್ತು. ನಾನಾಗ ಕಾಪುವಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ದಿನಾ ಶಿರ್ವ, ಬೆಳ್ಮಣ್ ದಾರಿಯಾಗಿ ನಿಟ್ಟೆಯ ಕಡೆಯ ಒಂದು ಕಾಲೇಜಿಗೆ ಹೋಗಿ ಕನ್ನಡ ಪಾಠ ಮಾಡುತ್ತಿದ್ದೆ. ತರಗತಿಯ ಮಕ್ಕಳ ಬಾಯಲ್ಲಿ ಕೊರೊನಾದ ಕಾಲಕ್ಕೆ ಆಗಲೇ 'ಆನ್‌ಲೈನ್ ಕ್ಲಾಸಿನ ವರ್ಷ' ಎಂಬ ಹೆಸರು ಬಿದ್ದಿತ್ತು. ಅದರಲ್ಲಿ ಸಾವಿನ ಸುಳಿವೇ ಇರಲಿಲ್ಲ. ಟಿವಿಯಲ್ಲಿ ಮಾತ್ರ ಆಗೀಗ ಜಗಳ ಏಳುತ್ತಿತ್ತು. ದೇಶ ಗೆದ್ದಿತು ಎಂದು ಒಬ್ಬರು, ದೇಶ ಕೈಬಿಟ್ಟಿತು ಎಂದು ಇನ್ನೊಬ್ಬರು. ಸತ್ತವರನ್ನು ಎಣಿಸಿದ್ದು ಸರಿ, ಸರಿಯಲ್ಲ ಎಂದು ಮತ್ತಿಬ್ಬರು. ನಡುವೆ ಜಾಹೀರಾತು ಬರುತ್ತಿತ್ತು. ನಾವು ಚಾನೆಲ್ ಬದಲಿಸುತ್ತಿದ್ದೆವು.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸುಬೇದಾರ್ ಶೆಟ್ಟರು ನಮ್ಮ ಮನೆಗೆ ಬಂದರು. ಸೇನೆಯಿಂದ ನಿವೃತ್ತರಾಗಿ ಬಹಳ ವರ್ಷವಾಗಿದ್ದರೂ ಊರಿನಲ್ಲಿ ಅವರನ್ನು ಎಲ್ಲರೂ ಸುಬೇದಾರ್ರೆ ಎಂದೇ ಕರೆಯುವುದು. ಬೆನ್ನು ನೆಟ್ಟಗೆ, ಮಾತು ಮೊಟಕು. ಅವರ ಹೆಂಡತಿ ವನಜಕ್ಕ ಎರಡನೇ ಅಲೆಯಲ್ಲಿ ತೀರಿಕೊಂಡಿದ್ದರು. ಆಮೇಲೆ ಸುಬೇದಾರರು ವನಜಕ್ಕನ ಹೆಸರು ಎತ್ತಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ.

"ಕೊರೊನಾದಲ್ಲಿ ಹೋದವರಿಗೆ ನಾವೊಂದು ಸಮಿತಿ ಮಾಡಿ ಹಳೆ ಶಾಲೆಯ ಕಂಪೌಂಡಿನಲ್ಲಿ ಒಂದು ಸ್ಮಾರಕ ಮಾಡ್ತಿದ್ದೇವೆ ಟೀಚರೆ," ಎಂದರು. "ಗಲ್ಫಿನಲ್ಲಿರುವ ದಾನಿಯೊಬ್ಬರು ಖರ್ಚು ನೋಡಿಕೊಳ್ತಾರೆ. ಕಾರ್ಕಳದಲ್ಲಿ ಕೆಲಸ ನಡೀತಾ ಉಂಟು. ನೀವೊಂದು ನಾಲ್ಕು ಸಾಲು ಬರೆದು ಕೊಡ್ಬೇಕು."

"ನಾನು ಯಾಕೆ?" ಎಂದೆ.

"ನಿಮ್ಮ ಮನೆಯಲ್ಲಿ ಯಾರೂ ಹೋಗ್ಲಿಲ್ಲ. ನೀವು ಬರೆದರೆ ಯಾರ ಪರವಾಗಿಯೂ ಬರೆದ ಹಾಗೆ ಆಗುವುದಿಲ್ಲ."

ಅದು ನಿಜವೇ. ನಮ್ಮ ಮನೆಯಲ್ಲಿ ಎಲ್ಲರಿಗೂ ಜ್ವರ ಬಂದಿತ್ತು, ಎಲ್ಲರೂ ಎದ್ದು ಕೂತಿದ್ದೆವು. ಉಳಿದವರೆಂಬ ಕಾರಣಕ್ಕೇ ಒಂದು ಕೆಲಸ ಹುಡುಕಿಕೊಂಡು ಬಂದಾಗ ಬೇಡ ಎನ್ನುವುದು ಸುಲಭವಲ್ಲ. ಆಗಲಿ ಎಂದೆ.

ಸ್ಮಾರಕದ ನಡುವೆ ಒಬ್ಬ ನರ್ಸಿನ ಮೂರ್ತಿ ಇರುತ್ತದೆ ಎಂದು ಅವರು ವಿವರಿಸಿದರು. ನಮ್ಮ ಊರಿನ ಐರಿನ್ ಬಾಯಿಯ ಮಗಳು ಪ್ರೀಮಾ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಾ ತಾನೇ ಸೋಂಕು ತಗಲಿ ಹೋದವಳು. ಕೆಳಗೆ 'ವೀರಯೋಧೆ' ಎಂದು ಕೆತ್ತುವುದು, ಅದರ ಕೆಳಗೆ ನನ್ನ ಸಾಲುಗಳು. "ಮಕ್ಕಳು ನೋಡಿದರೆ ಎದೆ ಉಬ್ಬಬೇಕು. ಅಳು ಬರ್ಬಾರ್ದು," ಎಂದರು.

ಪ್ರೀಮಾಳ ಬಗ್ಗೆ ನಾಲ್ಕು ಮಾತು ಕೇಳಿಕೊಂಡು ಬರೋಣವೆಂದು ಮಾರನೆಯ ಸಂಜೆ ಐರಿನ್ ಬಾಯಿಯ ಮನೆಗೆ ಹೋದೆ. ಅವರು ಹೊಲಿಗೆಯವರು. ಸುತ್ತಮುತ್ತಲ ಕ್ರೈಸ್ತ ಮಕ್ಕಳ ಮೊದಲ ಪರಮಪ್ರಸಾದದ ಬಿಳಿ ಅಂಗಿಗಳೆಲ್ಲ ಅವರ ಹೊಲಿಗೆ ಮಿಷನ್ನಿನಿಂದಲೇ ಹೋಗುವುದು. ಅಳತೆ ಟೇಪು ಕೊರಳಲ್ಲೇ ಇತ್ತು. ನಾನು ಬಂದ ಕಾರಣ ಹೇಳಿದೆ. ಮೂರ್ತಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

"ಹೆಸರು ಹಾಕ್ತೇವೆ ಅಂದಿದ್ರು. ಆಗ್ಲಿ ಅಂದಿದ್ದೆ," ಎಂದರು. "ಮೂರ್ತಿ ಯಾಕೆ? ಯೋಧೆ ಅಂತ ಯಾಕೆ ಟೀಚರೆ? ಅವಳು ಎಂತ ಯುದ್ಧಕ್ಕೆ ಹೋದದ್ದಾ?"

ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು ಹೇಳತೊಡಗಿದರು. ಪ್ರೀಮಾ ದಿನಾ ಫೋನು ಮಾಡುತ್ತಿದ್ದಳಂತೆ. ಮೊದಮೊದಲು ನಗುತ್ತಿದ್ದಳಂತೆ. ಆ ಪ್ಲಾಸ್ಟಿಕ್ ಅಂಗಿಯೊಳಗೆ ಬೆವರಿ ಬೆವರಿ ತಾನು ಹಬೆಯಲ್ಲಿ ಬೆಂದ ಇಡ್ಲಿಯ ಹಾಗಾಗಿದ್ದೇನೆ ಎನ್ನುತ್ತಿದ್ದಳಂತೆ. ಆಮೇಲೆ ನಗು ಕಡಿಮೆಯಾಯಿತು. ಅವಳ ಜೊತೆಗಿದ್ದ ನರ್ಸ್ ಒಬ್ಬಳು ತೀರಿಕೊಂಡ ರಾತ್ರಿ ಫೋನಿನಲ್ಲಿ, 'ಮಮ್ಮಿ, ನನಗೆ ಹೆದರಿಕೆ ಆಗ್ತದೆ, ನಾಳೆ ಹೋಗುವುದಿಲ್ಲ' ಎಂದಳಂತೆ.

"ಬೇಡ, ಹೋಗ್ಬೇಡ, ಊರಿಗೆ ಬಾ ಅಂದೆ. ಬೆಳಿಗ್ಗೆ ನೋಡಿದರೆ ಡ್ಯೂಟಿಗೆ ಹೋಗಿದ್ದಳು. ಯಾಕೆ ಹೋದೆ ಅಂತ ಕೇಳಿದ್ದಕ್ಕೆ, ವಾರ್ಡಿನಲ್ಲಿ ಯಾರೂ ಇಲ್ಲ ಮಮ್ಮಿ ಅಂದಳು. ಅಷ್ಟೇ."

ಲಾಕ್‌ಡೌನಿನಲ್ಲಿ ಐರಿನ್ ಬಾಯಿಗೆ ಮುಂಬಯಿಗೆ ಹೋಗಲಿಕ್ಕೇ ಆಗಲಿಲ್ಲ; ಕೊನೆಗೆ ಬಂದದ್ದು ಬೂದಿ. ಮಣ್ಣು ಮಾಡುವ ಪದ್ಧತಿಯವರ ಮಗಳನ್ನು ಅಲ್ಲಿ ಸುಟ್ಟಿದ್ದರು. ಆ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ. ಇಗರ್ಜಿಯ ಸ್ಮಶಾನದಲ್ಲಿ ಆ ಬೂದಿಯನ್ನೇ ಮಣ್ಣು ಮಾಡಿದರು.

"ದೇಶದಲ್ಲಿ ಇದಕ್ಕೊಂದು ದಿನ ಉಂಟಾ ಟೀಚರೆ?" ಎಂದು ನಾನು ಹೊರಡುವಾಗ ಕೇಳಿದರು. "ಇಷ್ಟು ಜನ ಹೋದ್ರು. ಇಂಥ ದಿನ ಎಲ್ಲರೂ ನೆನಪು ಮಾಡಿ ಅಂತ ಒಂದು ದಿನ?"

ನನಗೆ ತಿಳಿದ ಮಟ್ಟಿಗೆ ಇಲ್ಲ ಎಂದೆ.

"ನಮಗೆ ನವೆಂಬರಿನಲ್ಲಿ ಸತ್ತವರ ದಿನ ಉಂಟು. ನಿಮಗೂ ಏನಾದ್ರೂ ಇರ್ತದೆ. ದೇಶಕ್ಕೆ ಒಂದು ಬೇಡವಾ?"

ಮೂರ್ತಿಯನ್ನು ಒಮ್ಮೆ ನೋಡಬೇಕೆಂದು ಅವರೇ ಹೇಳಿದರು. ಆ ಶನಿವಾರ ಇಬ್ಬರೂ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆವು. ಮಳೆ ಬಿಡದೆ ಹೊಯ್ಯುತ್ತಿತ್ತು.

ಶಿಲ್ಪಿ ಸದಾಶಿವ ಆಚಾರ್ಯರು ಮೆದು ಮಾತಿನವರು. ತಾಯಿ ಎಂದು ತಿಳಿದೊಡನೆ ಉಳಿ ಕೆಳಗಿಟ್ಟು ಎದ್ದು ನಿಂತರು. ಮೂರ್ತಿಯ ಕೆಳಭಾಗ ಇನ್ನೂ ಒರಟು ಕಲ್ಲಾಗಿಯೇ ಇತ್ತು. ಎದೆ, ಭುಜ, ಮುಖ ಮಾತ್ರ ಮುಗಿದಿದ್ದವು. ಗುರುತುಚೀಟಿಯ ಒಂದು ಚಿಕ್ಕ ಫೋಟೋ ನೋಡಿ ಕೆತ್ತಿದ ಮುಖ. ಚೆನ್ನಾಗಿತ್ತು. ಶಾಂತವಾಗಿತ್ತು. ತಲೆ ಎತ್ತಿ ದೂರ ನೋಡುತ್ತಿತ್ತು.

ಐರಿನ್ ಬಾಯಿ ಬಹಳ ಹೊತ್ತು ನೋಡಿದರು. ಮತ್ತೆ ಕೈ ಚಾಚಿ ಕಲ್ಲಿನ ಭುಜವನ್ನು ಮುಟ್ಟಿದರು. "ಭುಜ ಇಷ್ಟು ಅಗಲ ಇರಲಿಲ್ಲ," ಎಂದರು.

"ಸ್ವಲ್ಪ ಗಾಂಭೀರ್ಯ ಬೇಕು ಅಂತ ಸಮಿತಿಯವರು ಹೇಳಿದ್ರು ಅಮ್ಮ," ಎಂದರು ಆಚಾರ್ಯರು.

"ನೀವು ಚಂದ ಮಾಡಿದ್ದೀರಿ. ಆದರೆ ಇವಳು ನನ್ನ ಮಗಳಲ್ಲ. ಇವಳಿಗೆ ಹೆದರಿಕೆಯೇ ಇಲ್ಲ."

ಮರುವಾರ ಹಳೆ ಶಾಲೆಯ ಹಾಲ್‌ನಲ್ಲಿ ಸಭೆ. ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಎಲ್ಲರೂ ಗಟ್ಟಿಯಾಗಿ ಮಾತಾಡಬೇಕಾಗಿತ್ತು. ಅದರಿಂದ ಸಾಮಾನ್ಯ ಮಾತೂ ಜಗಳದಂತೆ ಕೇಳುತ್ತಿತ್ತು. ಇದರಲ್ಲಿ ರಾಜಕೀಯ ಬೇಡ ಎಂದು ಮೊದಲು ಒಬ್ಬರು ಹೇಳಿದರು. ಎಲ್ಲರೂ ಒಪ್ಪಿದರು. ಆಮೇಲೆ ಆಡಿದ್ದೆಲ್ಲ ರಾಜಕೀಯವೇ. ನಾವು ಲಸಿಕೆ ಮಾಡಿ ಜಗತ್ತಿಗೆ ಕೊಟ್ಟದ್ದನ್ನು ಬರೆಯಬೇಕೆಂದು ಒಬ್ಬರು. ಆಮ್ಲಜನಕಕ್ಕೆ ಪರದಾಡಿದ್ದನ್ನೂ ಬರೆಯಿರಿ ಎಂದು ಇನ್ನೊಬ್ಬರು. ಕಳೆದದ್ದನ್ನು ಕೆದಕುವುದು ಯಾಕೆ, ಆ ಜಾಗದಲ್ಲಿ ಬಸ್ ತಂಗುದಾಣ ಮಾಡಿ ಎಂದು ಮೂರನೆಯವರು.

ಐರಿನ್ ಬಾಯಿ ಎದ್ದು ನಿಂತದ್ದು ಆ ಗದ್ದಲದ ನಡುವೆ. ಮೂರ್ತಿ ಬೇಡ, ಯೋಧೆ ಎಂಬ ಮಾತೂ ಬೇಡ, ಹೆಸರೊಂದು ಸಾಕು ಎಂದರು.

ಸುಬೇದಾರರ ಮುಖ ಕೆಂಪಾಯಿತು. "ಬಾಯಿ, ನಿಮ್ಮ ಮಗಳಿಗೆ ಇದು ಗೌರವ. ದೇಶಕ್ಕೆ ಧೈರ್ಯದ ಕಥೆ ಬೇಕು. ಹೆದರಿಕೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ."

"ಹೆದರಿಕೊಂಡೇ ಹೋದಳು ಸುಬೇದಾರ್ರೆ, ಡ್ಯೂಟಿಗೆ. ಅದನ್ನು ಯಾಕೆ ಬಿಡ್ತೀರಿ? ಅದನ್ನು ಬಿಟ್ಟರೆ ಅವಳು ಮಾಡಿದ್ದು ಎಂತ?"

ಆಗ ಬಾಗಿಲ ಹತ್ತಿರ ಒದ್ದೆ ಕೊಡೆ ಹಿಡಿದು ನಿಂತಿದ್ದ ಹೆಂಗಸೊಬ್ಬರು ಮುಂದೆ ಬಂದರು. ಎರ್ಮಾಳಿನ ಗಿರಿಜಕ್ಕ. ಮೀನು ಮಾರುವವರು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯದ ಕಾರಣ ಆಗ ಕೆಲಸವಿಲ್ಲದೆ ಮನೆಯಲ್ಲಿದ್ದರು. ತನ್ನ ಗಂಡ ಸುಧಾಕರನ ಹೆಸರೂ ಕಲ್ಲಿನಲ್ಲಿ ಬರಬೇಕು ಎಂದರು. ಸಮಿತಿಯವರೊಬ್ಬರು ದಾಖಲೆ ಕೇಳಿದರು. ದಾಖಲೆಯಲ್ಲಿ ಹೃದಯಾಘಾತ ಎಂದಿತ್ತು. ಪರೀಕ್ಷೆ ಮಾಡಿಸುವ ಮೊದಲೇ ಗಂಡ ಹೋಗಿದ್ದರು. ರಿಕ್ಷಾದಲ್ಲಿ ಕೂರಿಸಿಕೊಂಡು ಹೋದಲ್ಲೆಲ್ಲ ಹಾಸಿಗೆ ತುಂಬಿತ್ತು, ವಾಪಸ್ ಮನೆಗೇ ಕರೆತಂದಿದ್ದರು.

"ದಾಖಲೆ ಇಲ್ಲದೆ ಹಾಕಿದರೆ ನಾಳೆ ತೊಂದರೆ ಗಿರಿಜಕ್ಕ. ನೀವು ಮನೆಯಲ್ಲಿ ಹೇಗೂ ಆಟಿಯಲ್ಲಿ ಬಡಿಸ್ತೀರಲ್ಲ," ಎಂದರು ಆ ಸಮಿತಿಯವರು ಸಮಾಧಾನ ಮಾಡುವಂತೆ. ನಮ್ಮ ಕಡೆ ತುಳುವರ ಮನೆಗಳಲ್ಲಿ ಆಟಿ ತಿಂಗಳ ಮಳೆಯಲ್ಲಿ ಸತ್ತವರಿಗೆ ಎಲೆ ಹಾಕಿ ಊಟ ಬಡಿಸುತ್ತಾರೆ.

"ಬಡಿಸ್ತೇನೆ. ಅದು ಮನೆಯ ಲೆಕ್ಕ," ಎಂದರು ಗಿರಿಜಕ್ಕ. "ಊರಿನ ಲೆಕ್ಕದಲ್ಲಿ ಅವರು ಇಲ್ಲವಲ್ಲ. ದೇಶದ ಲೆಕ್ಕದಲ್ಲಿಯೂ ಇಲ್ಲ. ಹಾಗಾದರೆ ಅವರು ಎಂತ ಆಗಿ ಸತ್ತದ್ದು?"

ಸಭೆ ಮುಗಿಯಿತು ಎನ್ನುವುದಕ್ಕಿಂತ ಕರಗಿತು. ಒಬ್ಬೊಬ್ಬರೇ ಕೊಡೆ ಬಿಡಿಸಿಕೊಂಡು ಹೋದರು. ಮೂರ್ತಿ ಇಲ್ಲದಿದ್ದರೆ ತನಗೆ ಆಸಕ್ತಿ ಇಲ್ಲ ಎಂದು ಗಲ್ಫಿನ ದಾನಿ ಕೆಲವೇ ದಿನಗಳಲ್ಲಿ ತಿಳಿಸಿದರು. ಸುಬೇದಾರರು ಅದನ್ನು ನನಗೆ ಫೋನಿನಲ್ಲಿ ಹೇಳಿ, "ಆದರೂ ಕಲ್ಲು ಹಾಕುವುದೇ. ನೀವು ಬರೆಯಿರಿ," ಎಂದು ಇಟ್ಟುಬಿಟ್ಟರು.

ನಾನು ಬರೆಯುತ್ತಾ ಹರಿದುಹಾಕುತ್ತಾ ಜುಲೈ ಕಳೆದೆ. ಹೊಗಳಿಕೆ ಬರೆದರೆ ಐರಿನ್ ಬಾಯಿ ಕಣ್ಣೆದುರು ಬರುತ್ತಿದ್ದರು, ದೂರು ಬರೆದರೆ ಸುಬೇದಾರರು. ಕೊನೆಗೊಮ್ಮೆ ಕಾಲೇಜಿನಿಂದ ಬರುವಾಗ ಬಸ್ಸಿನಲ್ಲಿ ಒಂದು ಸಾಲು ಹೊಳೆಯಿತು. 'ಇವರು ಹೋಗುವಾಗ ನಾವು ಹತ್ತಿರ ಇರಲಿಲ್ಲ.' ಇದು ಎಲ್ಲರ ಮಾತು, ಇದರಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ ಎಂದು ನನಗೆ ಅನಿಸಿತು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಐರಿನ್ ಬಾಯಿಗೆ ಓದಿ ಹೇಳಿದೆ. ಅವರು ಕಣ್ಣೊರೆಸಿಕೊಂಡು, "ಇದು ಸರಿ ಉಂಟು," ಎಂದರು. ಸುಬೇದಾರರು ಕೇಳಿ ಹೂಂ ಎಂದರು.

ಗಿರಿಜಕ್ಕನಿಗೂ ಹೇಳಿಬಿಡೋಣ ಎಂದು ಎರ್ಮಾಳಿಗೆ ಹೋದೆ. ಅವರ ಮನೆ ಕಡಲಿಗೆ ಹತ್ತಿರ. ತಡೆಗೋಡೆಯ ಬಂಡೆಗಳಿಗೆ ತೆರೆ ಬಡಿದಾಗಲೆಲ್ಲ ಜಗಲಿಯ ಮೇಲೆ ಕೂತಲ್ಲಿಗೂ ಅದುರಿದ್ದು ತಿಳಿಯುತ್ತಿತ್ತು. ನಾನು ಸಾಲು ಹೇಳಿದೆ. ಗಿರಿಜಕ್ಕ ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

"ನಾನು ಹತ್ತಿರ ಇದ್ದೆನಲ್ಲ ಟೀಚರೆ," ಎಂದರು. "ಇಲ್ಲೇ, ಈ ಜಗಲಿಯಲ್ಲೇ. ಅವರ ತಲೆ ನನ್ನ ಮಡಿಲಲ್ಲಿತ್ತು. ಉಸಿರು ಎಳೀಲಿಕ್ಕೆ ಆಗದೆ ನನ್ನ ಕೈಯನ್ನು ಹಿಡಿದದ್ದು ಇನ್ನೂ ಗೊತ್ತಾಗ್ತದೆ. ಎಲ್ಲರೂ ಹತ್ತಿರ ಬರ್ಬೇಡ ಅಂದ್ರು. ನಾನು ಬಿಡ್ಲಿಲ್ಲ. ಇರಲಿಲ್ಲ ಅಂತ ಹೇಗೆ ಬರೆಯುವುದು?"

ನನ್ನ ಸಾಲು ಅಲ್ಲಿಗೇ ಮುಗಿಯಿತು. ಆ ದಿನ ಅವರ ಮನೆಯಲ್ಲಿ ಕುಡಿದ ಚಾದ ಬಿಸಿ ನೆನಪುಂಟು, ಬೇರೆ ಎಂತ ಮಾತಾಡಿದೆನೋ ನೆನಪಿಲ್ಲ.

ಮಾರನೆಯ ದಿನ ಸುಬೇದಾರರ ಮನೆಗೆ ಹೋಗಿ, ಎಲ್ಲರಿಗೂ ಸಲ್ಲುವ ಒಂದು ಸಾಲು ನನ್ನಿಂದ ಆಗುವುದಿಲ್ಲ ಎಂದೆ. ಹೆಸರುಗಳನ್ನು ಕೆತ್ತಿಸಿ. ಹೆಸರಿನ ಪಕ್ಕದಲ್ಲಿ ಏನು ಬರಬೇಕೆಂದು ಆಯಾ ಮನೆಯವರೇ ಹೇಳಲಿ. ಬೇಡ ಎನ್ನುವವರದ್ದು ಬೇಡ.

"ಹಾಗಾದರೆ ಅದು ಸ್ಮಾರಕ ಅಲ್ಲ, ಸಂತೆ," ಎಂದರು. "ಒಬ್ಬೊಬ್ಬರು ಒಂದೊಂದು ಹೇಳಿದರೆ ದೇಶ ಎಂತ ನೆನಪಿಡುವುದು?"

ಅವರು ಸಿಟ್ಟಿನಲ್ಲೇ ಇದ್ದರು. ನಾನೂ ಸ್ವಲ್ಪ ಸಿಟ್ಟಿನಲ್ಲೇ ಬಂದೆ.

ಆಗಸ್ಟಿನಲ್ಲಿ ಆಚಾರ್ಯರ ಫೋನು ಬಂತು. ಮೂರ್ತಿಯ ಕಲ್ಲು ಒಳ್ಳೆಯದು, ಮುಖದ ಭಾಗ ಕೊಯ್ದು ತೆಗೆದರೆ ಅದನ್ನೇ ಹೆಸರಿನ ಫಲಕಕ್ಕೆ ಬಳಸಬಹುದು, ಏನು ಮಾಡಲಿ ಎಂದು ಕೇಳಿದರು. ನಾನು ಐರಿನ್ ಬಾಯಿಗೆ ತಿಳಿಸಿದೆ. ಆ ಮುಖವನ್ನು ಬೇಡ ಎಂದವರೇ ಅವರಲ್ಲವೇ, ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರು ಹೊಲಿಯುತ್ತಿದ್ದ ಬಟ್ಟೆಯಿಂದ ಕೈ ತೆಗೆದರು.

"ಮುಖಕ್ಕೆ ಮಿಷನ್ ಹಾಕುವುದಾ?" ಎಂದರು. "ಬೇಡ ಟೀಚರೆ. ಅವಳ ಹಾಗೆ ಇಲ್ಲದಿದ್ದರೂ ಅವಳ ಹೆಸರಿನಲ್ಲಿ ಮಾಡಿದ್ದಲ್ವಾ. ಒಮ್ಮೆ ಸುಟ್ಟದ್ದು ಸಾಕು."

ಇದನ್ನು ಸುಬೇದಾರರಿಗೆ ಹೇಳಿದ್ದು ನಾನೇ. ಅವರು ಮರುಮಾತಾಡದೆ ಒಂದು ಟೆಂಪೋ ಗೊತ್ತು ಮಾಡಿದರು. ಕಾರ್ಕಳದಿಂದ ಕಾಪುವಿನವರೆಗೂ ಹಿಂದೆ ಕಲ್ಲಿನ ಪಕ್ಕದಲ್ಲಿಯೇ ಕೂತು, ಟಾರ್ಪಾಲು ಹಾರದ ಹಾಗೆ ಹಿಡಿದುಕೊಂಡು ಬಂದರಂತೆ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ನಾಲ್ಕು ಜನ ಸೇರಿ ಅದನ್ನು ಐರಿನ್ ಬಾಯಿಯ ಅಂಗಳದ ಹಲಸಿನ ಮರದಡಿ ಇಳಿಸಿದ್ದರು. ಉಳಿದವರು ಹೋಗಿದ್ದರು. ಸುಬೇದಾರರು ನೆನೆದ ಅಂಗಿಯಲ್ಲೇ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾನೂ ಕೂತೆ.

"ಬಾಯಿ, ಆ ದಿನ ಫೋನಿನಲ್ಲಿ ಅವಳು ಸರಿಯಾಗಿ ಎಂತ ಹೇಳಿದಳು?" ಎಂದು ಅವರು ಕೇಳಿದರು.

ಐರಿನ್ ಬಾಯಿ ಮೊದಲು ನನಗೆ ಹೇಳಿದ್ದನ್ನೇ ಹೇಳಿದರು. 'ವಾರ್ಡಿನಲ್ಲಿ ಯಾರೂ ಇಲ್ಲ ಮಮ್ಮಿ' ಎಂಬಲ್ಲಿಗೆ ಬಂದಾಗ ಸುಬೇದಾರರು ಲೋಟ ಕೆಳಗಿಟ್ಟರು.

"ಗಡಿಯಲ್ಲಿ ನಮಗೂ ಹೆದರಿಕೆ ಆಗ್ತಿತ್ತು," ಎಂದರು. "ಯಾರೂ ಹೇಳ್ತಿರಲಿಲ್ಲ. ಹೇಳಿದರೆ ಮುಂದೆ ಯಾರು ಸೇರ್ತಾರೆ?"

"ಸೇರುವವರು ಸೇರ್ತಾರೆ. ಇವಳು ಗೊತ್ತಿದ್ದೇ ಹೋದಳಲ್ಲ."

ಸುಬೇದಾರರು ಅಂಗಳದ ಕಲ್ಲಿನ ಕಡೆ ನೋಡಿದರು. "ನಾನು ಒಪ್ಪುವುದಿಲ್ಲ ಬಾಯಿ. ನನಗೆ ಅದು ಯುದ್ಧವೇ," ಎಂದರು ಕೊನೆಗೆ. "ಆದರೆ ನಿಮ್ಮ ಮಗಳ ಹೆಸರಿನ ಪಕ್ಕ ನೀವು ಹೇಳಿದ್ದೇ ಬರಲಿ." ನನ್ನ ಕಡೆ ತಿರುಗಿ, "ಎಲ್ಲರದ್ದೂ ಹಾಗೇ ಆಗಲಿ ಟೀಚರೆ. ನೀವು ಮನೆ ಮನೆಗೆ ಹೋಗಿ ಕೇಳಿ ಬನ್ನಿ," ಎಂದರು.

ಆಟಿಯ ಉಳಿದ ದಿನಗಳು ನನಗೆ ಹಾಗೆ ಕಳೆದವು. ಸಂಜೆ ಕೊಡೆ ಹಿಡಿದು ಒಂದೊಂದು ಮನೆ. ಕೆಲವರು ಹೆಸರಷ್ಟೇ ಸಾಕು ಎಂದರು. ಒಂದು ಮನೆಯವರು ಆ ರೋಗದ ಜೊತೆ ತಾಯಿಯ ಹೆಸರು ಸೇರುವುದೇ ಬೇಡ ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಒಬ್ಬ ಹಿರಿಯರು ತೀರಿದ ತಮ್ಮನಿಗೆ 'ಚೆನ್ನಾಗಿ ಹಾಡುತ್ತಿದ್ದ' ಎಂದು ಬರೆಸಿದರು. ಗಿರಿಜಕ್ಕ ಮಡಿಲಿನ ಮಾತು ಬರೆಸುತ್ತಾರೆ ಎಂದುಕೊಂಡಿದ್ದೆ. ಅವರು ಬರೆಸಿದ್ದು 'ಕೊರೊನಾದಲ್ಲಿ ತೀರಿಕೊಂಡರು' ಎಂದು ಮಾತ್ರ. "ಮಡಿಲಿನದ್ದು ನನಗೆ ಗೊತ್ತುಂಟಲ್ಲ, ಊರಿಗೆ ಗೊತ್ತಾಗಬೇಕಾದ್ದು ಇದು," ಎಂದರು. ಸಮಿತಿಯಲ್ಲಿ ಮತ್ತೆ ದಾಖಲೆಯ ಮಾತು ಎದ್ದಿತು. ಸುಬೇದಾರರು, "ಕೆತ್ತಲಿ. ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸಿ," ಎಂದರು. ವನಜಕ್ಕನ ಹೆಸರಿಗೆ ಏನು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅದನ್ನು ಆಚಾರ್ಯರಿಗೇ ಹೇಳುತ್ತೇನೆ ಎಂದು ಅವರಾಗಿಯೇ ಅಂದರು.

ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ, ಮಳೆ ಸ್ವಲ್ಪ ಕಡಿಮೆಯಾದ ಒಂದು ಬೆಳಿಗ್ಗೆ, ಊರವರೇ ದುಡ್ಡು ಸೇರಿಸಿ ಬೇರೆ ಕಲ್ಲಿನಲ್ಲಿ ಕೆತ್ತಿಸಿದ ಫಲಕ ನಿಲ್ಲಿಸಿದೆವು. ಮಂತ್ರಿಗಳು ಯಾರೂ ಬರಲಿಲ್ಲ, ಕರೆದಿರಲೂ ಇಲ್ಲ. ಹೆಸರಿದ್ದ ಮನೆಗಳವರು, ಸಮಿತಿಯಲ್ಲಿ ಉಳಿದಿದ್ದ ಕೆಲವರು, ಆಚಾರ್ಯರು. ಬಸ್ ತಂಗುದಾಣ ಬೇಕೆಂದವರೂ ಬಂದು ಹಿಂದೆ ನಿಂತಿದ್ದರು. ಭಾಷಣ ಬೇಡವೆಂದು ಮೊದಲೇ ಮಾತಾಗಿತ್ತು. ಗಿರಿಜಕ್ಕನೇ ಬಟ್ಟೆ ಸರಿಸಿದರು. ಅವರಿಗೆ ಓದಲು ಅಷ್ಟು ಬರುತ್ತಿರಲಿಲ್ಲ, ಗಂಡನ ಹೆಸರಿನ ಅಕ್ಷರಗಳ ಮೇಲೆ ಬೆರಳಾಡಿಸಿದರು.

ಎಲ್ಲರೂ ತಂತಮ್ಮವರ ಹೆಸರು ಹುಡುಕುತ್ತಿದ್ದರು. ನನಗೆ ಹುಡುಕಲು ಯಾರೂ ಇರಲಿಲ್ಲವಾದ್ದರಿಂದ ಮೇಲಿನಿಂದ ಓದುತ್ತಾ ಬಂದೆ. 'ಪ್ರೀಮಾ. ಹೆದರಿಕೊಂಡೇ ಡ್ಯೂಟಿಗೆ ಹೋದಳು.' ಅದರಿಂದ ಸ್ವಲ್ಪ ಕೆಳಗೆ ವನಜಕ್ಕನ ಹೆಸರು. ಅದರ ಪಕ್ಕದಲ್ಲಿ ವೀರ ಎಂದಾಗಲಿ ಯುದ್ಧ ಎಂದಾಗಲಿ ಇರಲಿಲ್ಲ.

'ವನಜಾ. ನಾನು ಆಸ್ಪತ್ರೆಯ ಗೇಟಿನ ಹೊರಗೆ ನಿಂತಿದ್ದೆ.'

ಆ ದಿನಗಳಲ್ಲಿ ಮನೆಯವರನ್ನು ಗೇಟಿನಿಂದ ಒಳಗೆ ಬಿಡುತ್ತಿರಲಿಲ್ಲ. ಸುಬೇದಾರರು ಅಲ್ಲಿ ಎಷ್ಟು ದಿನ ನಿಂತಿದ್ದರು, ಎಂತ ನೋಡಿದರು ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಅವರು ಫಲಕದಿಂದ ದೂರ, ಕಂಪೌಂಡಿನ ಗೋಡೆಯ ಹತ್ತಿರ, ಎಂದಿನ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು.

ಐರಿನ್ ಬಾಯಿ ಆ ಸಾಲನ್ನು ಓದಿದರು. ಬಳಿಕ ನೆನೆದ ಹುಲ್ಲಿನ ಮೇಲೆ ನಿಧಾನವಾಗಿ ನಡೆದು ಹೋಗಿ ಅವರ ಪಕ್ಕದಲ್ಲಿ ನಿಂತರು.

"ನೀವು ಗೇಟಿನವರೆಗಾದರೂ ಹೋದಿರಿ ಸುಬೇದಾರ್ರೆ," ಎಂದರು ಐರಿನ್ ಬಾಯಿ.